ಕನ್ನಡ ಪಟ್ಟಿಗೆ ಪೈಥಾನ್ ಸ್ಕ್ರಿಪ್ಟ್: ಎಡವದೆ ಲೆಕ್ಕ ಮುಗಿಸುವ ಕ್ರಮ

ಎಕ್ಸೆಲ್‌ನಲ್ಲಿ ಕನ್ನಡ ಹೆಸರುಗಳಿರುವ ಒಂದು ಪಟ್ಟಿ ಇದೆ. ಅದನ್ನು ಪೈಥಾನ್ ಸ್ಕ್ರಿಪ್ಟ್‌ನಿಂದ ಓದಿ, ಊರುವಾರು ಒಟ್ಟು ಮಾಡಿ, ಇನ್ನೊಂದು ಫೈಲಿಗೆ ಬರೆಯಬೇಕು. ಕೇಳಿದರೆ ಅರ್ಧ ಗಂಟೆಯ ಕೆಲಸ ಅನ್ನಿಸುತ್ತದೆ. ಆದರೆ ಹೊಸದಾಗಿ ಕಲಿಯುತ್ತಿರುವವರು ಮುಗ್ಗರಿಸುವುದು ಇಲ್ಲಿಯೇ, ಅದೂ ಒಬ್ಬರ ಹಿಂದೆ ಒಬ್ಬರು ಅದೇ ನಾಲ್ಕಾರು ಕಲ್ಲುಗಳಿಗೆ. ಬಹುಪಾಲು ಸಲ ತಪ್ಪು ಕೋಡಿನಲ್ಲಿರುವುದಿಲ್ಲ, ಫೈಲಿನಲ್ಲಿರುತ್ತದೆ. ಫೈಲನ್ನು ನೋಡದೆ ಕೋಡ್ ಬರೆಯಲು ಕುಳಿತವರು ಸರಿಯಾಗಿಯೇ ಇದ್ದ ಕೋಡನ್ನು ದಿನವಿಡೀ ತಿದ್ದುತ್ತಾರೆ.

ಉದಾಹರಣೆಗೆ ಒಂದು ಸಂಘದ ಚಂದಾ ಪಟ್ಟಿಯನ್ನು ಇಟ್ಟುಕೊಳ್ಳೋಣ. ಮೂರು ಕಾಲಂ: ಹೆಸರು, ಊರು, ಮೊತ್ತ. ಯಾವ ಊರಿನಿಂದ ಎಷ್ಟು ಹಣ ಬಂದಿದೆ ಎಂಬುದು ನಮಗೆ ಬೇಕು. ಕೋಡಿನ ಸಾಲುಗಳನ್ನು ಇಲ್ಲಿ ಬರೆದುಕೊಟ್ಟಿಲ್ಲ. ಪೈಥಾನ್‌ನ ಅಧಿಕೃತ ದಾಖಲೆಯಲ್ಲಿ ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ಮಾಡ್ಯೂಲ್‌ನ, ಅಂದರೆ ಅದಕ್ಕೆಂದೇ ಇರುವ ಸಿದ್ಧ ಕೋಡಿನ ಕಟ್ಟಿನ, ಪುಟ ತೆರೆದರೆ ಓದುವ, ಬರೆಯುವ ಮಾದರಿ ಸಾಲುಗಳು ಸಿಗುತ್ತವೆ. ಅಲ್ಲಿ ಹೇಳದೆ ಬಿಟ್ಟಿರುವುದು ಕನ್ನಡ ಪಟ್ಟಿಗೆ ಬೇಕಾದ ಕ್ರಮ.

ಹಂತ 1: ಕೆಲಸ ಸ್ಕ್ರಿಪ್ಟ್‌ಗೆ ತಕ್ಕದ್ದೇ ಎಂದು ನೋಡಿಕೊಳ್ಳಿ

1989ರ ಡಿಸೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧನಾ ಕೇಂದ್ರದಲ್ಲಿ ಗೀಡೋ ವ್ಯಾನ್ ರಾಸಮ್ ಈ ಭಾಷೆಯನ್ನು ಕಟ್ಟಲು ತೊಡಗಿದಾಗ ಅವರ ಎದುರಿಗಿದ್ದ ತೊಡಕು ಸರಳವಾದದ್ದು. ಅಮೀಬಾ ಎಂಬ ಆಪರೇಟಿಂಗ್ ಸಿಸ್ಟಂನ ದಿನನಿತ್ಯದ ನಿರ್ವಹಣೆ ಕೆಲಸಗಳಿಗೆ ಸಿ ಭಾಷೆಯಲ್ಲಿ ಬರೆಯುವುದು ಅತಿ ಹೆಚ್ಚಿನ ಶ್ರಮ, ಶೆಲ್ ಸ್ಕ್ರಿಪ್ಟ್ ಆದರೆ ಸಾಲದು. ಆ ನಡುವಿನ ಜಾಗಕ್ಕೆ ಹುಟ್ಟಿದ ಪೈಥಾನ್ 1991ರ ಫೆಬ್ರವರಿಯಲ್ಲಿ ಹೊರಬಂತು. ಇಷ್ಟು ಗೊತ್ತಿದ್ದರೆ ಸಾಕು, ಅದಕ್ಕೆ ಯಾವ ಕೆಲಸ ಕೊಡಬೇಕೆಂಬುದು ತಿಳಿಯುತ್ತದೆ: ಕೈಯಲ್ಲಿ ಮಾಡಿದರೆ ಬೇಸರ ಬರುವ, ಮತ್ತೆ ಮತ್ತೆ ಮಾಡಬೇಕಾದ, ನಡುಗಾತ್ರದ ಕೆಲಸ.

ಪಟ್ಟಿಯಲ್ಲಿ ನಲವತ್ತು ಸಾಲಿದ್ದು ಒಮ್ಮೆ ಮಾತ್ರ ಒಟ್ಟು ಬೇಕಾಗಿದ್ದರೆ ಎಕ್ಸೆಲ್‌ನ ಪಿವಟ್ ಟೇಬಲ್ ಸಾಕು, ಸ್ಕ್ರಿಪ್ಟ್ ಬೇಡ. ಪ್ರತಿ ತಿಂಗಳೂ ಪಟ್ಟಿ ಬರುತ್ತದೆ, ಅಥವಾ ಹತ್ತು ಶಾಖೆಗಳಿಂದ ಹತ್ತು ಫೈಲುಗಳು ಬರುತ್ತವೆ ಎಂದಾದರೆ ಸ್ಕ್ರಿಪ್ಟ್ ಬರೆಯಿರಿ. ಮೊದಲ ಪ್ರಯತ್ನದಲ್ಲೇ ಬಟನ್ನು, ಕಿಟಕಿ, ಲಾಗಿನ್ ಎಲ್ಲ ಇರುವ ಸಾಫ್ಟ್‌ವೇರ್ ಮಾಡಹೊರಟವರು ಒಟ್ಟು ಮಾಡುವ ಹಂತಕ್ಕೆ ಬರುವುದೇ ಅಪರೂಪ.

ಹಂತ 2: ಬೇಕಾದ ಸಾಮಗ್ರಿ

ಪೈಥಾನ್ 3, ಒಂದು ಸಾದಾ ಎಡಿಟರ್, ಮೂಲ ಪಟ್ಟಿಯ ನಕಲು. ಎಡಿಟರ್ ಆಗಿ ಪೈಥಾನ್ ಜೊತೆಗೇ ಬರುವ ಐಡಲ್ ಸಾಕು. ಇದಕ್ಕಿಂತ ಹೆಚ್ಚಿನದೇನೂ ಬೇಡ. ಪಟ್ಟಿಗಳ ಲೆಕ್ಕಕ್ಕೆ ಬಳಸುವ ಪಾಂಡಾಸ್ ಎಂಬ ಹೆಚ್ಚುವರಿ ಲೈಬ್ರರಿ ಹಾಕಿಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ಸದ್ಯಕ್ಕೆ ಕೇಳಿಸದವರಂತೆ ಇದ್ದುಬಿಡಿ. ಮುಂದೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಅದರಿಂದಲೂ ತಪ್ಪುವುದಿಲ್ಲ, ಕಣ್ಣಿಗೆ ಬೀಳದಂತೆ ಒಳಗೆ ಸೇರಿಕೊಳ್ಳುತ್ತವೆ, ಅಷ್ಟೇ.

ವಿಂಡೋಸ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದ ಕೂಡಲೇ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ ಗಾಬರಿ ಬೇಡ. ಪೈಥಾನ್ ಇನ್ನೂ ಬಂದಿಲ್ಲ, ಅಥವಾ ಬಂದಿದ್ದರೂ ಅದು ಎಲ್ಲಿದೆ ಎಂಬುದು ವಿಂಡೋಸ್‌ಗೆ ಗೊತ್ತಿಲ್ಲ ಎಂದು ಅದರ ಅರ್ಥ. ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗಡೆ ‘ಪಾತ್’ಗೆ ಸೇರಿಸುವ ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕದೆ ಮುಂದೊತ್ತಿದವರಿಗೆ ಈ ಪಾಡು. ಮತ್ತೊಮ್ಮೆ ಇನ್‌ಸ್ಟಾಲ್ ಮಾಡುವ ಮೊದಲು ಪಿ, ವೈ ಎಂಬ ಎರಡೇ ಅಕ್ಷರ ಟೈಪ್ ಮಾಡಿ ನೋಡಿ, ಅನೇಕ ಸಲ ಅದೇ ಕೆಲಸ ಮಾಡುತ್ತದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಪೈಥಾನ್3 ಎಂದು ಅಂಕಿ ಸೇರಿಸಿ ಕರೆಯಿರಿ.

ಸ್ಕ್ರಿಪ್ಟ್‌ಗೆ ಹೆಸರಿಡುವಾಗ ಎರಡು ಎಚ್ಚರಿಕೆ. ಒಂದು, ಅದಕ್ಕೆ ಸಿಎಸ್‌ವಿ ಎಂದೇ ಹೆಸರಿಡಬೇಡಿ. ಆಗ ಪೈಥಾನ್ ತನ್ನ ಸಿಎಸ್‌ವಿ ಮಾಡ್ಯೂಲನ್ನು ಬಿಟ್ಟು ನಿಮ್ಮ ಫೈಲನ್ನೇ ಒಳಗೆ ಕರೆದುಕೊಂಡು, ಸಾಲುಗಳನ್ನು ಓದಿಕೊಡುವ ಡಿಕ್ಟ್‌ರೀಡರ್ ಎಂಬುದು ಅದರಲ್ಲಿ ಇಲ್ಲವೆಂದು ದೂರುತ್ತದೆ. ಎರಡು, ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಫೈಲಿನ ಬಾಲಕ್ಕೆ ಕಾಣದಂತೆ ಟಿಎಕ್ಸ್‌ಟಿ ಅಂಟಿಕೊಂಡಿರಬಹುದು. ಫೋಲ್ಡರ್‌ನ ವ್ಯೂ ಮೆನುವಿನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಂಡರೆ ಈ ಗೊಂದಲ ಇರುವುದಿಲ್ಲ.

ಹಂತ 3: ಪಟ್ಟಿ ಯೂನಿಕೋಡ್‌ನಲ್ಲಿದೆಯೇ?

ಯೂನಿಕೋಡ್ ಎಂದರೆ ಕನ್ನಡದ ಪ್ರತಿ ಚಿಹ್ನೆಗೂ ಅದರದೇ ಸಂಖ್ಯೆ ಕೊಟ್ಟಿರುವ ವ್ಯವಸ್ಥೆ. ಈ ಹಂತವನ್ನು ಹಾರಿ ಹೋದವರಿಗೆ ಮುಂದಿನ ಯಾವ ಹಂತವೂ ಫಲ ಕೊಡುವುದಿಲ್ಲ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಕರ್ನಾಟಕದ ಕಚೇರಿಗಳಲ್ಲಿ, ಸಂಘಗಳಲ್ಲಿ, ಮುದ್ರಣಾಲಯಗಳಲ್ಲಿ ಈಗಲೂ ಓಡಾಡುತ್ತವೆ. ಕಣ್ಣಿಗೆ ಕನ್ನಡವೇ ಕಾಣುತ್ತದೆ. ಒಳಗಿರುವುದು ಮಾತ್ರ ರೋಮನ್ ಅಕ್ಷರ ಮತ್ತು ಚಿಹ್ನೆಗಳು, ಅವುಗಳಿಗೆ ಕನ್ನಡದ ವೇಷ ತೊಡಿಸಿರುವುದು ಫಾಂಟ್.

ಪರೀಕ್ಷೆ ಸುಲಭ. ಒಂದು ಕೋಶವನ್ನು ಆರಿಸಿ ಅದರ ಫಾಂಟನ್ನು ನಿರ್ಮಲಾ ಯುಐ ಎಂದು ಬದಲಾಯಿಸಿ. ಕನ್ನಡ ಹಾಗೆಯೇ ಉಳಿದರೆ ಯೂನಿಕೋಡ್. ಅರ್ಥವಿಲ್ಲದ ರೋಮನ್ ಅಕ್ಷರಗಳು ಎದ್ದು ಬಂದರೆ ಹಳೆಯ ಫಾಂಟ್. ನುಡಿ ಮತ್ತು ಬರಹ ಎರಡರಲ್ಲೂ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಮೊದಲು ಪರಿವರ್ತಿಸಿ, ಹತ್ತಿಪ್ಪತ್ತು ಸಾಲುಗಳನ್ನು ಕಣ್ಣಾರೆ ಓದಿ, ಆಮೇಲೆ ಮುಂದೆ ಹೋಗಿ. ಅರ್ಕಾವೊತ್ತು ಇರುವ ಪದಗಳನ್ನು ವಿಶೇಷವಾಗಿ ನೋಡಿ. ಹಳೆಯ ಫಾಂಟ್‌ನಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಇಟ್ಟಿರುತ್ತಾರೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತನೆ ಕೆಡುವುದಾದರೆ ಇಂಥ ಜಾಗದಲ್ಲೇ ಕೆಡುತ್ತದೆ.

ಹಂತ 4: ಎಕ್ಸೆಲ್‌ನಿಂದ ಸರಿಯಾಗಿ ಉಳಿಸಿ

‘ಸೇವ್ ಆ್ಯಸ್’ನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಸಿಎಸ್‌ವಿ ಕಾಣುತ್ತವೆ. ಒಂದರ ಹೆಸರಿನಲ್ಲಿ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಬಗೆ) ಎಂದಿರುತ್ತದೆ, ಉಳಿದವುಗಳಲ್ಲಿ ಇರುವುದಿಲ್ಲ. ಯುಟಿಎಫ್-8 ಇರುವುದನ್ನೇ ಆರಿಸಿ. ಬೇರೆಯದನ್ನು ಆರಿಸಿದರೆ ಕನ್ನಡದ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ, ಅದು ತೋರಿಕೆಯ ದೋಷವೂ ಅಲ್ಲ. ಆ ಫೈಲಿನೊಳಗೆ ಕನ್ನಡ ಉಳಿದಿಲ್ಲ, ಯಾವ ಕೋಡೂ ಅದನ್ನು ಮರಳಿ ತಾರದು. ಮೂಲ ಎಕ್ಸೆಲ್ ಫೈಲನ್ನು ಅಳಿಸಬೇಡಿ ಎನ್ನುವುದು ಇದಕ್ಕೇ.

ಉಳಿಸುವ ಮೊದಲು ಹಾಳೆಯನ್ನು ಸ್ವಲ್ಪ ಗುಡಿಸಿ. ಮೇಲ್ಗಡೆ ಸಂಘದ ಹೆಸರು, ವರ್ಷ ಬರೆದ ದೊಡ್ಡ ಶೀರ್ಷಿಕೆಯ ಸಾಲಿದ್ದರೆ ತೆಗೆಯಿರಿ, ಕಾಲಂಗಳ ಹೆಸರೇ ಮೊದಲ ಸಾಲಾಗಬೇಕು. ಕೊನೆಯಲ್ಲಿ ‘ಒಟ್ಟು’ ಎಂಬ ಸಾಲಿದ್ದರೆ ಅದನ್ನೂ ತೆಗೆಯಿರಿ. ಇಲ್ಲವಾದರೆ ಸ್ಕ್ರಿಪ್ಟ್ ಅದನ್ನೂ ಒಬ್ಬ ದಾನಿಯೆಂದು ಭಾವಿಸಿ ಸಂಘದ ಚಂದಾವನ್ನು ಒಂದೇ ಏಟಿಗೆ ಇಮ್ಮಡಿ ಮಾಡುತ್ತದೆ. ಖಜಾಂಚಿಗೆ ಖುಷಿ, ಲೆಕ್ಕಪರಿಶೋಧಕರಿಗೆ ತಲೆನೋವು.

ಉಳಿಸಿದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕಿಟಕಿಯ ಕೆಳಗಿನ ಪಟ್ಟಿಯನ್ನು ನೋಡಿ. ಬಲಗಡೆ ಯುಟಿಎಫ್-8, ಬಿಒಎಂ ಸಹಿತ ಎಂದಿರಬೇಕು. ಬಿಒಎಂ ಎಂದರೆ ಫೈಲಿನ ಆರಂಭದಲ್ಲಿ ಕೂರುವ, ಕಣ್ಣಿಗೆ ಕಾಣದ ಗುರುತು. ಆನ್ಸಿ ಎಂದಿದ್ದರೆ ತಪ್ಪು ಬಗೆಯಲ್ಲಿ ಉಳಿಸಿದ್ದೀರಿ.

ಹಂತ 5: ಓದಿಸಿ, ಓದಿದ್ದನ್ನು ನೋಡಿ

ಫೈಲ್ ಇರುವ ಜಾಗವನ್ನು ಬರೆಯುವಾಗ ವಿಂಡೋಸ್‌ನ ಹಿಂಗೀಟಿನ (\) ಬದಲು ಮುಂಗೀಟು (/) ಬಳಸಿ. ಹಿಂಗೀಟಿನ ಮುಂದೆ ಎನ್ ಬಂದರೆ ಪೈಥಾನ್ ಅದನ್ನು ಹೊಸ ಸಾಲು ಎಂದು ಓದುತ್ತದೆ. ದೊಡ್ಡ ಯು ಬಂದರೆ, ಅಂದರೆ ಯೂಸರ್ಸ್ ಫೋಲ್ಡರ್‌ನ ಹೆಸರಿನಲ್ಲಿರುವಂತೆ, ಸ್ಕ್ರಿಪ್ಟ್ ಶುರುವಾಗುವ ಮೊದಲೇ ಯೂನಿಕೋಡ್ ಎಸ್ಕೇಪ್ ದೋಷ ಕೊಟ್ಟು ನಿಲ್ಲುತ್ತದೆ. ಫೈಲಿನಲ್ಲಿ ಕನ್ನಡ ಇರುವುದರಿಂದಲೇ ಈ ದೋಷ ಬಂತೆಂದು ತಿಳಿದು ಪಟ್ಟಿಯನ್ನು ಇಂಗ್ಲಿಷಿಗೆ ಬದಲಿಸಿದವರೂ ಇದ್ದಾರೆ. ಪಟ್ಟಿಯನ್ನು ಪೈಥಾನ್ ಆಗಿನ್ನೂ ತೆರೆದೂ ಇರುವುದಿಲ್ಲ.

ಫೈಲ್ ತೆರೆಯುವ ಓಪನ್‌ಗೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಟ್ಟ ಬಗೆ, ಹೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ನಮ್ಮಲ್ಲಿನ ಬಹುತೇಕ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ, ಈಗ ಬಳಕೆಯಲ್ಲಿರುವ ಹೆಚ್ಚಿನ ಪೈಥಾನ್ ಆವೃತ್ತಿಗಳು ಎನ್‌ಕೋಡಿಂಗ್ ಹೇಳದಿದ್ದಾಗ 1252 ಎಂಬ ಪಶ್ಚಿಮ ಯುರೋಪಿನ ಕೋಷ್ಟಕವನ್ನು ಹಿಡಿದು ಓದುತ್ತವೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಉಕಾರದ ಕೊಂಬಿನ ಮೂರನೆಯ ಬೈಟ್ 81, ಒತ್ತಕ್ಷರ ಕೂಡಿಸುವ ಹಲಂತದ್ದು 8ಡಿ. ಈ ಎರಡಕ್ಕೂ 1252ರ ಕೋಷ್ಟಕದಲ್ಲಿ ಸ್ಥಾನವಿಲ್ಲ. ಹಾಗಾಗಿ ನಮ್ಮ ಪಟ್ಟಿಯ ಮೊದಲ ಪದ ‘ಹೆಸರು’, ಅದರ ಕೊನೆಯ ಕೊಂಬಿನಲ್ಲೇ ಪೈಥಾನ್ ಮುಗ್ಗರಿಸುತ್ತದೆ. ದೋಷದ ಸಂದೇಶದಲ್ಲಿ ಚಾರ್‌ಮ್ಯಾಪ್ ಎಂಬ ಪದ, 81 ಎಂಬ ಬೈಟ್, 17 ಎಂಬ ಸ್ಥಾನ ಕಾಣುತ್ತವೆ. ಎಣಿಸಿ ನೋಡಿದರೆ ಸರಿಯಾಗಿಯೇ ಇದೆ: ಆರಂಭದ ಬಿಒಎಂಗೆ ಮೂರು ಬೈಟ್, ಹ, ಎಕಾರ, ಸ, ರ ನಾಲ್ಕಕ್ಕೆ ಹನ್ನೆರಡು, ಸೊನ್ನೆಯಿಂದ ಎಣಿಸಿದರೆ ಕೊಂಬಿನ ಮೂರನೆಯ ಬೈಟ್ 17ನೆಯದು.

ಇದಕ್ಕಿಂತ ಕೆಟ್ಟದ್ದು ದೋಷವೇ ಬಾರದೆ ಇರುವುದು. ‘ಸಾಗರ’ದಂಥ ಪದಗಳಲ್ಲಿ ಕೊಂಬೂ ಇಲ್ಲ, ಹಲಂತವೂ ಇಲ್ಲ. ಅಂಥ ಪದಗಳೇ ಇರುವ ಫೈಲ್ ತಕರಾರಿಲ್ಲದೆ ಓದಿಕೊಂಡು, ತಲೆಯ ಮೇಲೆ ಗೀಟಿರುವ ಯುರೋಪಿನ ಅಕ್ಷರಗಳ ಸರಮಾಲೆಯಾಗಿ ಹೊರಬರುತ್ತದೆ.

ಎರಡಕ್ಕೂ ಮದ್ದು ಒಂದೇ. ಓಪನ್ ಬರೆದಾಗಲೆಲ್ಲ ಎನ್‌ಕೋಡಿಂಗ್ ಬರೆಯಿರಿ, ಎಕ್ಸೆಲ್‌ನಿಂದ ಬಂದ ಫೈಲಿಗೆ ಯುಟಿಎಫ್-8-ಸಿಗ್ ಎಂದೇ ಬರೆಯಿರಿ. ಕೊನೆಯ ಸಿಗ್ ಬಿಟ್ಟರೆ ಓದು ನಡೆಯುತ್ತದೆ, ಆದರೆ ಬಿಒಎಂ ಗುರುತು ಮೊದಲ ಕಾಲಂನ ಹೆಸರಿಗೆ ಅಂಟಿಕೊಳ್ಳುತ್ತದೆ. ಆಗ ‘ಹೆಸರು’ ಎಂಬ ಕಾಲಂ ಪರದೆಯ ಮೇಲೆ ಎದುರಿಗೇ ಇದ್ದರೂ ಕೀ ಎರರ್ ಬರುತ್ತದೆ. ಕಾಲಂಗಳ ಪಟ್ಟಿಯನ್ನು ಪಟ್ಟಿಯ ರೂಪದಲ್ಲೇ ಪ್ರಿಂಟ್ ಮಾಡಿ, ಬಿಡಿ ಪದವಾಗಿ ಅಲ್ಲ. ಪಟ್ಟಿಯಾಗಿ ಮುದ್ರಿಸಿದಾಗ ಪೈಥಾನ್ ಕಾಣದ ಚಿಹ್ನೆಗಳನ್ನು ಅವುಗಳ ಸಂಕೇತದೊಂದಿಗೆ ತೋರಿಸಿಬಿಡುತ್ತದೆ, ಹೆಸರಿನ ಮುಂದೆ ಎಫ್‌ಇಎಫ್‌ಎಫ್ ಎಂಬ ಬಾಲಂಗೋಚಿ ಕಾಣುತ್ತದೆ.

ಅಲ್ಪವಿರಾಮದಲ್ಲಿ ಸಾಲನ್ನು ಸೀಳುವ ಸ್ಪ್ಲಿಟ್ ಅನ್ನು ಇಲ್ಲಿ ಬಳಸಬೇಡಿ. ಎಕ್ಸೆಲ್‌ನಲ್ಲಿ 1,25,000 ಎಂದು ಕಾಣುವ ಮೊತ್ತ ಸಿಎಸ್‌ವಿಯಲ್ಲೂ ಹಾಗೆಯೇ, ಉದ್ಧರಣ ಚಿಹ್ನೆಯೊಳಗೆ ಬರುತ್ತದೆ. ಸ್ಪ್ಲಿಟ್ ಅದನ್ನು ಮೂರು ತುಂಡು ಮಾಡುತ್ತದೆ. ಸಿಎಸ್‌ವಿ ಮಾಡ್ಯೂಲ್‌ನ ಡಿಕ್ಟ್‌ರೀಡರ್ ಅದನ್ನು ಒಂದೇ ಎಂದು ಅರಿಯುತ್ತದೆ.

ಮೊದಲ ಐದು ಸಾಲುಗಳನ್ನು ಪ್ರಿಂಟ್ ಮಾಡಿ ನೋಡದೆ ಮುಂದಿನ ಹಂತಕ್ಕೆ ಹೋಗಬೇಡಿ. ಕಪ್ಪು ಕಮಾಂಡ್ ಕಿಟಕಿಯಲ್ಲಿ ಚೌಕಗಳು ಕಂಡರೆ ಅದು ಆ ಕಿಟಕಿಯ ಫಾಂಟ್‌ನ ಬಡತನ, ನಿಮ್ಮ ಕೋಡಿನದಲ್ಲ. ಐಡಲ್‌ನಲ್ಲಿ ಓಡಿಸಿದರೆ ಕನ್ನಡ ಕಾಣುತ್ತದೆ.

ಹಂತ 6: ಒಂದೇ ಊರು ಎರಡಾಗದಂತೆ ನೋಡಿಕೊಳ್ಳಿ

ಇಲ್ಲಿ ಪೈಥಾನ್ ಏನೂ ದೂರುವುದಿಲ್ಲ. ಉತ್ತರ ಬರುತ್ತದೆ, ಆದರೆ ಬೀದರ್ ಎರಡು ಸಲ, ಹೊಸನಗರ ಎರಡು ಸಲ, ಬೇರೆಬೇರೆ ಮೊತ್ತದೊಂದಿಗೆ. ಎಷ್ಟು ದಿಟ್ಟಿಸಿದರೂ ಎರಡಕ್ಕೂ ವ್ಯತ್ಯಾಸ ಕಾಣದು.

ಮೊದಲ ಅನುಮಾನ ಪದದ ಹಿಂದುಮುಂದಿನ ಖಾಲಿ ಜಾಗದ ಮೇಲೆ. ಸ್ಟ್ರಿಪ್ ಅದನ್ನು ತೆಗೆಯುತ್ತದೆ. ಎರಡನೆಯದು, ಬೀದರ್ ಎಂಬುದರ ಕೊನೆಯ ಅರ್ಧಾಕ್ಷರದ ಬೆನ್ನಿಗೆ ಅಂಟಿರುವ ಕಾಣದ ಬಿಡಿಸುಗುರುತು, ಜೀರೋ ವಿಡ್ತ್ ನಾನ್ ಜಾಯ್ನರ್. ಟೈಪ್ ಮಾಡುವಾಗ, ಹಳೆಯ ಫಾಂಟ್‌ನಿಂದ ಪರಿವರ್ತಿಸುವಾಗ ಇದು ನುಸುಳುತ್ತದೆ. ಪೈಥಾನ್ ಇದನ್ನು ಖಾಲಿ ಜಾಗವೆಂದು ಪರಿಗಣಿಸದ ಕಾರಣ ಸ್ಟ್ರಿಪ್ ಮುಟ್ಟುವುದಿಲ್ಲ. ಇದರ ಸಂಖ್ಯೆ 200ಸಿ, ರಿಪ್ಲೇಸ್ ಬಳಸಿ ತೆಗೆಯಬೇಕು. ಇದರ ಜೋಡಿ 200ಡಿ ಎಂಬ ಕೂಡಿಸುಗುರುತಿಗೂ ಅದೇ ಗತಿ.

ಮೂರನೆಯದು ಇನ್ನೂ ಸೂಕ್ಷ್ಮ. ‘ಹೊ’ ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿಗಳಿವೆ: ಒಕಾರದ ಒಂದೇ ಚಿಹ್ನೆ, ಇಲ್ಲವೇ ಎಕಾರ ಮತ್ತು ಊಕಾರದ ಎರಡು ಚಿಹ್ನೆ. ಪರದೆಯ ಮೇಲೆ ಎರಡೂ ಒಂದೇ. ಉದ್ದ ಎಣಿಸುವ ಲೆನ್ ಅನ್ನು ಕೇಳಿದರೆ ಮೊದಲನೆಯ ಹೊಸನಗರ 6, ಎರಡನೆಯದು 7 ಎನ್ನುತ್ತದೆ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಎಂದು ಹೇಳಿ ಕೊಟ್ಟರೆ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ.

ಕ್ರಮ ಹೀಗಿರಲಿ: ಬಿಡಿಸುಗುರುತು ತೆಗೆಯುವುದು, ಎನ್‌ಎಫ್‌ಸಿ, ಕೊನೆಗೆ ಸ್ಟ್ರಿಪ್. ಸ್ಟ್ರಿಪ್ ಮೊದಲು ಮಾಡಿದರೆ ಗುರುತಿನ ಒಳಗಡೆ ಅಡಗಿದ್ದ ಖಾಲಿ ಜಾಗ ಉಳಿದುಬಿಡುತ್ತದೆ. ಹೀಗೆ ತೊಳೆದ ರೂಪವನ್ನು ಹೋಲಿಕೆಗೆ ಮಾತ್ರ ಇಟ್ಟುಕೊಳ್ಳಿ, ಮುದ್ರಿಸಲು ಮೂಲ ರೂಪವೇ ಇರಲಿ. ‘ರಾಜ್‌ಕುಮಾರ್’ ಎಂಬ ಹೆಸರಿನಿಂದ ಬಿಡಿಸುಗುರುತು ಕಿತ್ತರೆ ಅದು ‘ರಾಜ್ಕುಮಾರ್’ ಆಗುತ್ತದೆ, ಹೆಸರಿನ ಒಡೆಯರು ಒಪ್ಪಲಾರರು.

ಹೆಸರಿನ ಮೊದಲ ಮೂರಕ್ಷರ ಕತ್ತರಿಸಿ ಹೋಲಿಸುವ ಜಾಣತನ ಬೇಡ. ‘ಕನ್ನಡ’ ನಮ್ಮ ಕಣ್ಣಿಗೆ ಮೂರಕ್ಷರವಾದರೂ ಪೈಥಾನ್‌ಗೆ ಐದು, ಮೂರಕ್ಕೆ ಕತ್ತರಿಸಿದರೆ ‘ಕನ್’ ಉಳಿಯುತ್ತದೆ. ಶಿವಮೊಗ್ಗ, ಶಿವಮೊಗ್ಗಾ ಎಂಬಂಥ ಕಾಗುಣಿತದ ಭೇದಗಳನ್ನು ಯಾವ ಮಾಡ್ಯೂಲೂ ಬಗೆಹರಿಸದು. ಊರುಗಳ ಪಟ್ಟಿಯನ್ನು ಸಾರ್ಟ್ ಮಾಡಿ ಪ್ರಿಂಟ್ ಮಾಡಿದರೆ ಅವು ಅಕ್ಕಪಕ್ಕ ಬರುತ್ತವೆ, ಕೈಯಿಂದಲೇ ಒಂದು ಬದಲಿ ಕೋಷ್ಟಕ ಮಾಡಿಕೊಳ್ಳಿ.

ಹಂತ 7: ಮೊತ್ತವನ್ನು ಸಂಖ್ಯೆಯಾಗಿಸಿ

ಸಿಎಸ್‌ವಿಯಿಂದ ಬಂದದ್ದೆಲ್ಲ ಅಕ್ಷರಗಳೇ. ಕೂಡಿಸುವ ಮೊದಲು ಇಂಟ್ ಮೂಲಕ ಸಂಖ್ಯೆ ಮಾಡಬೇಕು. 500ಕ್ಕೆ 250 ಸೇರಿಸಿದಾಗ 500250 ಬಂದರೆ ಈ ಹಂತ ಬಿಟ್ಟಿದ್ದೀರಿ.

ಇಂಟ್ ಕನ್ನಡ ಅಂಕಿಗಳನ್ನು ನೇರವಾಗಿ ಓದುತ್ತದೆ. ೫೦೦ ಕೊಟ್ಟರೆ 500 ಎಂದೇ ತಿಳಿಯುತ್ತದೆ, ಪರಿವರ್ತನೆಯ ಕೋಷ್ಟಕ ಬರೆಯುವ ಶ್ರಮ ಬೇಡ. ಆದರೆ ಅಲ್ಪವಿರಾಮ, ರೂಪಾಯಿ ಚಿಹ್ನೆ, 500ರ ಮುಂದೆ ನಾವು ಅಭ್ಯಾಸಬಲದಿಂದ ಹಾಕುವ ಗೀಟು ಮತ್ತು ಅಡ್ಡಗೆರೆ (/-), ಖಾಲಿ ಕೋಶ, ಈ ನಾಲ್ಕಕ್ಕೂ ವ್ಯಾಲ್ಯೂ ಎರರ್ ಬರುತ್ತದೆ. ಮೊದಲ ಮೂರನ್ನು ರಿಪ್ಲೇಸ್‌ನಿಂದ ತೆಗೆಯಿರಿ. ಪೈಸೆಯೂ ಇದ್ದರೆ ಫ್ಲೋಟ್ ಬೇಡ, ಡೆಸಿಮಲ್ ಮಾಡ್ಯೂಲ್ ಬಳಸಿ.

ಖಾಲಿ ಕೋಶದ ವಿಷಯದಲ್ಲಿ ಒಂದು ಹಟ ಹಿಡಿಯುತ್ತೇನೆ. ದೋಷ ಬಂದ ಸಾಲನ್ನು ಟ್ರೈ, ಎಕ್ಸೆಪ್ಟ್ ಹಾಕಿ ಸದ್ದಿಲ್ಲದೆ ದಾಟಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಹಣದ ಲೆಕ್ಕದಲ್ಲಿ ಅದು ಸಲ್ಲದು. ಓದಲಾಗದ ಸಾಲುಗಳನ್ನು ಸಾಲಿನ ಸಂಖ್ಯೆಯೊಡನೆ ಬೇರೊಂದು ಪಟ್ಟಿಗೆ ಸೇರಿಸಿ, ಕೊನೆಯಲ್ಲಿ ಅದನ್ನು ಪ್ರಿಂಟ್ ಮಾಡಿ. ಆ ಪಟ್ಟಿಯನ್ನು ಮೂಲ ಎಕ್ಸೆಲ್ ಎದುರಿಟ್ಟುಕೊಂಡು ಮನುಷ್ಯರೇ ತೀರ್ಮಾನಿಸಲಿ.

ಹಂತ 8: ಒಟ್ಟು ಮಾಡಿ, ಬೇರೆ ಫೈಲಿಗೆ ಬರೆಯಿರಿ

ಊರನ್ನು ಕೀ ಆಗಿಟ್ಟುಕೊಂಡ ಡಿಕ್ಷನರಿಯಲ್ಲಿ ಮೊತ್ತ ಕೂಡಿಸುತ್ತಾ ಹೋಗಿ. ಊರು ಮೊದಲ ಸಲ ಬಂದಾಗ ಕೀ ಎರರ್ ಬಾರದಂತೆ ಗೆಟ್‌ಗೆ ಸೊನ್ನೆಯನ್ನು ಆಧಾರವಾಗಿ ಕೊಡಿ. ವೇರಿಯಬಲ್‌ಗಳಿಗೆ ‘ಊರು’, ‘ಒಟ್ಟು’ ಎಂದು ಕನ್ನಡದಲ್ಲೇ ಹೆಸರಿಡಬಹುದು, ಪೈಥಾನ್ 3 ಒಪ್ಪುತ್ತದೆ. ಬಿಡಿಸುಗುರುತು ಇರುವ ಹೆಸರನ್ನು ಮಾತ್ರ ಒಪ್ಪುವುದಿಲ್ಲ.

ಒಳಸರಿತಕ್ಕೆ, ಅಂದರೆ ಸಾಲಿನ ಆರಂಭದಲ್ಲಿ ಬಿಡುವ ಜಾಗಕ್ಕೆ, ನಾಲ್ಕು ಸ್ಪೇಸ್, ಎಲ್ಲ ಕಡೆಯೂ ಅಷ್ಟೇ. ಟ್ಯಾಬ್ ಮತ್ತು ಸ್ಪೇಸ್ ಬೆರೆತರೆ ಟ್ಯಾಬ್ ಎರರ್. ಫಲಿತಾಂಶ ಬರೆಯುವ ಸಾಲುಗಳು ತಪ್ಪಿ ಲೂಪಿನ ಒಳಗೆ ಹೋದರೆ ದೋಷ ಬರುವುದಿಲ್ಲ, ಪ್ರತಿ ಸಾಲಿಗೂ ಫೈಲ್ ಹೊಸದಾಗಿ ಬರೆಯಲ್ಪಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಕೋಡನ್ನು ಅಂಟಿಸಿದರೆ ಬಾಗಿದ ಉದ್ಧರಣ ಚಿಹ್ನೆಗಳು ಜೊತೆಗೆ ಬರುತ್ತವೆ, ಅವನ್ನು ಅಳಿಸಿ ನೆಟ್ಟನೆಯವನ್ನು ಟೈಪ್ ಮಾಡಿ.

ಬರೆಯಲು ತೆರೆಯುವ ಡಬ್ಲ್ಯು ಎಂಬ ಅಕ್ಷರದ ಬಗ್ಗೆ ಜಾಗ್ರತೆ. ಆ ಸಾಲು ಓಡಿದ ಕ್ಷಣವೇ ಫೈಲಿನಲ್ಲಿ ಇದ್ದುದೆಲ್ಲ ಖಾಲಿಯಾಗುತ್ತದೆ, ಮುಂದಿನ ಸಾಲಿನಲ್ಲಿ ಸ್ಕ್ರಿಪ್ಟ್ ಕೆಟ್ಟು ನಿಂತರೂ ಹೋದದ್ದು ಬಾರದು. ಆದ್ದರಿಂದ ಓದುವ ಫೈಲಿನ ಹೆಸರು ಮತ್ತು ಬರೆಯುವ ಫೈಲಿನ ಹೆಸರು ಎಂದೂ ಒಂದೇ ಆಗಿರಕೂಡದು. ಎನ್‌ಕೋಡಿಂಗ್ ಇಲ್ಲಿಯೂ ಯುಟಿಎಫ್-8-ಸಿಗ್ ಇರಲಿ, ಇಲ್ಲವಾದರೆ ಎರಡು ಸಲ ಕ್ಲಿಕ್ ಮಾಡಿ ತೆರೆದ ಎಕ್ಸೆಲ್ ಕನ್ನಡವನ್ನು ಗುರುತಿಸದೆ ಹೋಗಬಹುದು. ನ್ಯೂಲೈನ್‌ಗೆ ಖಾಲಿ ಉದ್ಧರಣ ಕೊಡಿ. ಕೊಡದಿದ್ದರೆ ವಿಂಡೋಸ್‌ನಲ್ಲಿ ಒಂದು ಬಿಟ್ಟು ಒಂದು ಸಾಲು ಖಾಲಿ ಬರುತ್ತದೆ. ಪರ್ಮಿಷನ್ ಎರರ್ ಬಂದರೆ, ಬಹುಶಃ ಹಿಂದಿನ ಸಲದ ಫಲಿತಾಂಶ ಎಕ್ಸೆಲ್‌ನಲ್ಲಿ ಇನ್ನೂ ತೆರೆದೇ ಇದೆ.

ವರ್ಣಮಾಲೆಯ ಕ್ರಮದಲ್ಲಿ ಊರುಗಳು ಬೇಕೆಂದರೆ ಸಾರ್ಟೆಡ್ ಬಹುಮಟ್ಟಿಗೆ ಸರಿಯಾಗಿ ಜೋಡಿಸುತ್ತದೆ. ಯೂನಿಕೋಡ್‌ನಲ್ಲಿ ಳಕಾರ ಲಕಾರದ ಬೆನ್ನಿಗೇ ಇರುವುದರಿಂದ ‘ಕಾಳಗಿ’ ‘ಕಾವೂರು’ ಎಂಬುದಕ್ಕಿಂತ ಮೊದಲು ಬರುತ್ತದೆ. ಅಚ್ಚುಕಟ್ಟು ಬೇಕಾದವರು ಅದನ್ನು ಕೈಯಲ್ಲಿ ಸರಿಸಲಿ.

ಹಂತ 9: ತಾಳೆ ನೋಡಿ

ಎಲ್ಲ ಊರುಗಳ ಒಟ್ಟನ್ನು ಕೂಡಿಸಿ ಬಂದ ಸಂಖ್ಯೆ, ಮೂಲ ಹಾಳೆಯಲ್ಲಿ ಎಕ್ಸೆಲ್‌ನ ಸಮ್ ಕೊಡುವ ಸಂಖ್ಯೆ, ಎರಡೂ ರೂಪಾಯಿಗೆ ರೂಪಾಯಿ ಹೊಂದಬೇಕು. ಸ್ಕ್ರಿಪ್ಟ್ ಓದಿದ ಸಾಲುಗಳು ಮತ್ತು ಹೊರಗಿಟ್ಟ ಸಾಲುಗಳು ಸೇರಿ ಹಾಳೆಯ ಸಾಲುಗಳಷ್ಟೇ ಆಗಬೇಕು. ಸರಿಯಾಗಿ ಎರಡು ಪಟ್ಟು ಬಂದಿದ್ದರೆ ‘ಒಟ್ಟು’ ಸಾಲು ಒಳಗೆ ಉಳಿದಿದೆ. ಸ್ಕ್ರಿಪ್ಟ್‌ನದು ಸ್ವಲ್ಪ ಕಡಿಮೆಯಿದ್ದರೆ ಹೊರಗಿಟ್ಟ ಸಾಲುಗಳ ಪಟ್ಟಿ ನೋಡಿ. ಎಕ್ಸೆಲ್‌ನದೇ ಕಡಿಮೆಯಿದ್ದರೆ, ಅಲ್ಲಿ ಕೆಲವು ಮೊತ್ತಗಳು ಅಕ್ಷರಗಳಾಗಿ ಕುಳಿತಿವೆ. ಕೋಶದ ಎಡಕ್ಕೆ ಅಂಟಿಕೊಂಡ ಮೊತ್ತಗಳನ್ನು ಮೊದಲು ಪರೀಕ್ಷಿಸಿ, ಸಮ್ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಡುವೆ ಎಲ್ಲಿಯಾದರೂ ಕೆಂಪು ಸಾಲುಗಳು ರಾಶಿ ಬಿದ್ದರೆ ಕೊನೆಯ ಸಾಲನ್ನು ಮೊದಲು ಓದಿ. ದೋಷದ ಹೆಸರು ಅಲ್ಲಿರುತ್ತದೆ. ಅದರ ಮೇಲಕ್ಕೆ ಹೋಗುತ್ತಾ ನಿಮ್ಮ ಫೈಲಿನ ಹೆಸರು ಸಿಗುವ ಮೊದಲ ಜಾಗದಲ್ಲಿ ನಿಲ್ಲಿ, ಅಲ್ಲಿರುವ ಸಾಲಿನ ಸಂಖ್ಯೆಯೇ ನಿಮಗೆ ಬೇಕಾದದ್ದು. ಸಿಂಟ್ಯಾಕ್ಸ್ ಎರರ್ ಆಗಿದ್ದು ಆ ಸಾಲಿನಲ್ಲಿ ಏನೂ ತಪ್ಪು ಕಾಣದಿದ್ದರೆ ಅದರ ಹಿಂದಿನ ಸಾಲಿನಲ್ಲಿ ಮುಚ್ಚದೆ ಬಿಟ್ಟ ಆವರಣವನ್ನು ಹುಡುಕಿ.